ಕೇಬಲ್ ಒಂದೇ ಸಾಕು: ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಡೆಬಿಯನ್ ಹಾಕುವುದು ಹೇಗೆ?

ಕಳೆದ ವರ್ಷ ಆಗಸ್ಟ್‌ನಲ್ಲಿ ಲೈಬ್ರರಿಗೆ ಹೋದವರಿಗೆ ನೆನಪಿರಬಹುದು. ಪುಸ್ತಕ ಹುಡುಕುವ ಕಂಪ್ಯೂಟರ್ ಮೇಲೆ ಒಂದು ವಾರ ಕಾಲ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿತ್ತು. ಆ ಚೀಟಿ ಬರೆದವಳು ನಾನು. ಕಂಪ್ಯೂಟರ್ ಹಾಗಾದದ್ದೂ ನನ್ನಿಂದಲೇ. ಅದು ಹೇಗಾಯಿತು ಎಂದು ಆಗ ತುಂಬ ಜನ ಕೇಳಿದ್ದರು. ನಾನು ‘ಏನೋ ಟೆಕ್ನಿಕಲ್ ಪ್ರಾಬ್ಲಂ’ ಎಂದು ಜಾರಿಕೊಂಡಿದ್ದೆ. ಈಗ ಸರಿಯಾಗಿ ಬರೆಯುತ್ತೇನೆ.

ಹಳೆ ವಿದ್ಯಾರ್ಥಿಯೊಬ್ಬರು ತಮ್ಮ ಕಚೇರಿಯಲ್ಲಿ ಬಳಸಿ ಬಿಟ್ಟ ಆರು ಕಂಪ್ಯೂಟರ್‌ಗಳನ್ನು ನಮ್ಮ ಲ್ಯಾಬ್‌ಗೆ ಕೊಟ್ಟಿದ್ದರು. ಹಾರ್ಡ್ ಡಿಸ್ಕ್ ಖಾಲಿ, ಸಿ.ಡಿ. ಡ್ರೈವ್ ಇಲ್ಲ, ಆರಕ್ಕೂ ಸೇರಿ ಮಾನಿಟರ್ ಒಂದೇ. ಅವುಗಳನ್ನು ಸರ್ವರ್‌ಗಳಾಗಿ ಮಾಡಿ ನಮಗೆ ಕಲಿಯಲು ಬಿಡುವುದು ಲ್ಯಾಬ್ ಮೇಡಂ ಯೋಚನೆ. ಸರ್ವರ್ ಎಂದ ಕೂಡಲೇ ಎ.ಸಿ. ಕೋಣೆಯಲ್ಲಿ ದೀಪ ಮಿನುಗುವ ದೊಡ್ಡ ಯಂತ್ರ ಎಂದುಕೊಳ್ಳಬೇಡಿ. ಬೇರೆ ಕಂಪ್ಯೂಟರ್‌ಗಳು ಕೇಳಿದ್ದನ್ನು ಕೊಡುತ್ತಾ ಕೂರುವ ಯಾವ ಕಂಪ್ಯೂಟರ್ ಆದರೂ ಸರ್ವರ್ ಆಗಬಹುದು. ಹೆಚ್ಚಿನ ಸಮಯ ಅದಕ್ಕೆ ಮಾನಿಟರ್ ಇರುವುದಿಲ್ಲ, ಎದುರಿಗೆ ಯಾರೂ ಕೂತಿರುವುದಿಲ್ಲ. ನಮ್ಮ ಪ್ರೋಗ್ರಾಂಗಳೆಲ್ಲ ಸೇವ್ ಆಗುವ ಲ್ಯಾಬ್ ಸರ್ವರ್ ಕೂಡ ಹಾಗೆಯೇ ಆಫೀಸಿನ ಹಿಂದಿನ ಸಣ್ಣ ಕೋಣೆಯಲ್ಲಿ ಬೀಗದೊಳಗೆ ಇದೆ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ನೋಡಿರಲಿಕ್ಕಿಲ್ಲ.

ಆ ಆರು ಕಂಪ್ಯೂಟರ್‌ಗಳಿಗೆ ಡೆಬಿಯನ್ ಹಾಕಬೇಕಿತ್ತು. ಡೆಬಿಯನ್ ಎಂದರೆ 1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಆರಂಭಿಸಿದ, ಈಗ ಲೋಕದ ನಾನಾ ಕಡೆಯ ಸ್ವಯಂಸೇವಕರು ಸೇರಿ ನಡೆಸುವ ಉಚಿತ ಆಪರೇಟಿಂಗ್ ಸಿಸ್ಟಂ. ಇವರ ವಾರ್ಷಿಕ ಸಮ್ಮೇಳನ 2023ರಲ್ಲಿ ನಮ್ಮ ಪಕ್ಕದ ಕೇರಳದ ಕೊಚ್ಚಿಯಲ್ಲೇ ನಡೆದಿತ್ತು. ಇದರ ಪ್ರತಿ ಆವೃತ್ತಿಗೂ ‘ಟಾಯ್ ಸ್ಟೋರಿ’ ಸಿನಿಮಾದ ಗೊಂಬೆಗಳ ಹೆಸರು ಇಡುತ್ತಾರೆ. 2021ರ ಆಗಸ್ಟ್‌ನಲ್ಲಿ ಬಂದ 11ನೆಯದು ಬುಲ್ಸ್‌ಐ. 2023ರ ಜೂನ್‌ನಲ್ಲಿ ಬಂದ 12ನೆಯದು ಬುಕ್‌ವರ್ಮ್, ಅಂದರೆ ಪುಸ್ತಕದ ಹುಳು. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಪೆನ್‌ಡ್ರೈವ್‌ನಿಂದ ಒಂದೊಂದಕ್ಕೇ ಹಾಕಬಹುದಿತ್ತು. ಪ್ರತಿಯೊಂದಕ್ಕೂ ಮಾನಿಟರ್ ಎತ್ತಿ ಜೋಡಿಸಿ, ಭಾಷೆ ಯಾವುದು, ಕೀಬೋರ್ಡ್ ಯಾವುದು, ಪಾಸ್‌ವರ್ಡ್ ಏನು ಎಂಬ ಅವೇ ಪ್ರಶ್ನೆಗಳಿಗೆ ಆರು ಸಲ ಉತ್ತರ ಕೊಡುತ್ತಾ ಎರಡು ಮಧ್ಯಾಹ್ನ ಕಳೆಯಬೇಕಿತ್ತು. ನೂರಾರು ಸರ್ವರ್ ಇರುವ ಕಡೆ ಯಾರೂ ಹೀಗೆ ಮಾಡುವುದಿಲ್ಲ, ನೆಟ್‌ವರ್ಕ್ ಕೇಬಲ್ ಮೂಲಕವೇ ಇನ್‌ಸ್ಟಾಲ್ ಮಾಡುತ್ತಾರೆ ಎಂದು ನಾನು ಓದಿದ್ದೆ. ‘ಮೇಡಂ, ನಾವೂ ಹಾಗೇ ಮಾಡುವಾ’ ಎಂದೆ. ಮೇಡಂ ಒಪ್ಪಿದರು.

ಖಾಲಿ ಡಿಸ್ಕ್ ಇರುವ ಕಂಪ್ಯೂಟರ್ ಕೇಬಲ್‌ನಿಂದ ಹೇಗೆ ಶುರುವಾಗುತ್ತದೆ? ನನಗೆ ಅತಿ ಸೋಜಿಗ ಎನಿಸಿದ್ದು ಇದೇ. ಅದರಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲ, ತನ್ನ ಹೆಸರಿಲ್ಲ, ವಿಳಾಸವಿಲ್ಲ. ಆದರೆ ಮದರ್‌ಬೋರ್ಡ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕಾರ್ಖಾನೆಯಲ್ಲೇ ಕೂರಿಸಿರುತ್ತದೆ. ಅದು ಪಾಲಿಸುವ ಕ್ರಮಕ್ಕೆ ಪಿಎಕ್ಸ್‌ಇ ಎಂದು ಹೆಸರು, ಹೇಳುವಾಗ ‘ಪಿಕ್ಸಿ’. 1990ರ ದಶಕದ ಕೊನೆಯಲ್ಲಿ ಇಂಟೆಲ್ ಕಂಪನಿ ಇದನ್ನು ರೂಪಿಸಿತು. ಬೂಟ್ ಆಗುವ ಕ್ರಮದಲ್ಲಿ ನೆಟ್‌ವರ್ಕ್ ಎಂದು ಆರಿಸಿದರೆ ಈ ಪ್ರೋಗ್ರಾಂ ಎದ್ದು ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ಒಂದು ಕೂಗು ಹಾಕುತ್ತದೆ.

ಅಡ್ಮಿಶನ್ ದಿನ ಕಾಲೇಜಿಗೆ ಮೊದಲ ಸಲ ಬಂದ ಹುಡುಗನನ್ನು ನೆನೆಸಿಕೊಳ್ಳಿ. ಆಫೀಸ್ ಎಲ್ಲಿದೆ ಗೊತ್ತಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ವರಾಂಡದಲ್ಲಿ ನಿಂತು ‘ಇಲ್ಲಿ ಯಾರಾದರೂ ಇದ್ದೀರಾ?’ ಎಂದು ಕೂಗುತ್ತಾನೆ. ಒಬ್ಬರು ‘ನಾನಿದ್ದೇನೆ, ನಿನಗೆ 14ನೇ ನಂಬರ್ ಕೊಡಬಹುದು’ ಎನ್ನುತ್ತಾರೆ. ಹುಡುಗ ‘ಸರಿ, ಅದನ್ನೇ ಕೊಡಿ’ ಎನ್ನುತ್ತಾನೆ. ಅವರು ‘ಬರೆದುಕೊಂಡೆ, ಇನ್ನು ಅದು ನಿನ್ನದು’ ಎನ್ನುತ್ತಾರೆ. ನಮ್ಮ ಪಠ್ಯದ ನೆಟ್‌ವರ್ಕ್ ಪಾಠದಲ್ಲಿ ಐ.ಪಿ. ವಿಳಾಸ ಎಂದು ಓದುತ್ತೇವಲ್ಲ, ಅದು ಕಂಪ್ಯೂಟರ್‌ಗೆ ಸಿಗುವುದು ಈ ನಾಲ್ಕು ಮಾತುಗಳಲ್ಲೇ. ಕೊಡುವವರಿಗೆ ಡಿಎಚ್‌ಸಿಪಿ ಸರ್ವರ್ ಎನ್ನುತ್ತಾರೆ. ನಿಮ್ಮ ಮನೆಯ ವೈಫೈ ರೂಟರ್ ಕೂಡ ನಿಮ್ಮ ಮೊಬೈಲ್‌ಗೆ ದಿನಾ ಇದನ್ನೇ ಮಾಡುತ್ತಿದೆ. ಪಿಎಕ್ಸ್‌ಇ ಇರುವಲ್ಲಿ ಡಿಎಚ್‌ಸಿಪಿ ಇನ್ನೊಂದು ಮಾತು ಸೇರಿಸಿ ಹೇಳುತ್ತದೆ: ‘ನಿನಗೆ ಬೇಕಾದ ಬೂಟ್ ಫೈಲ್ ಇಂಥ ಸರ್ವರ್‌ನಲ್ಲಿದೆ, ಅದರ ಹೆಸರು ಇದು.’

ಹೆಸರು ಸಿಕ್ಕಿದ ಮೇಲೆ ಆ ಫೈಲನ್ನು ತರಲು ಬಳಸುವುದು ಟಿಎಫ್‌ಟಿಪಿ ಎಂಬ ಹಳೆಯ ವಿಧಾನ. ಅದರ ನಿಯಮಾವಳಿ 1981ರದ್ದು, ನಮ್ಮ ಅಪ್ಪಂದಿರು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಫೈಲನ್ನು 512 ಬೈಟ್‌ನ ತುಂಡು ಮಾಡಿ ಒಂದು ತುಂಡು ಕಳಿಸುವುದು, ‘ಸಿಕ್ಕಿತು’ ಎಂದ ಮೇಲೆ ಮುಂದಿನದು ಕಳಿಸುವುದು. ಮದುವೆ ಊಟದಲ್ಲಿ ಬಡಿಸುವವನು ಒಂದೊಂದೇ ಬಟ್ಟಲು ತಂದ ಹಾಗೆ. 30 ಎಂಬಿಯ ಫೈಲ್ ಹೀಗೆ ಬಂದರೆ ಅರವತ್ತು ಸಾವಿರಕ್ಕೂ ಹೆಚ್ಚು ತುಂಡು ಆಗುತ್ತದೆ. ಆಮೇಲೆ ತುಂಡಿನ ಗಾತ್ರ ಹೆಚ್ಚಿಸುವ ಅನುಕೂಲ ಬಂದಿದೆ. ಇಷ್ಟು ಹಳೆಯದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದಾರೆ ಎಂದರೆ ಅದು ಅಷ್ಟು ಸರಳ, ಮದರ್‌ಬೋರ್ಡ್‌ನ ಪುಟ್ಟ ಜಾಗದಲ್ಲೂ ಹಿಡಿಸುತ್ತದೆ.

ಟಿಎಫ್‌ಟಿಪಿಯಲ್ಲಿ ಬರುವುದು ಮೂರೇ ಮುಖ್ಯ ವಸ್ತು: ಒಂದು ಸಣ್ಣ ಬೂಟ್ ಪ್ರೋಗ್ರಾಂ, ಲಿನಕ್ಸ್ ಕರ್ನೆಲ್, ಮತ್ತು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಇರುವ ಒಂದು ಮೂಟೆ. ಇವು ರ‍್ಯಾಮ್‌ಗೆ ಬಂದು ಅಲ್ಲೇ ಓಡತೊಡಗುತ್ತವೆ. ಈ ಹಂತದವರೆಗೆ ಹಾರ್ಡ್ ಡಿಸ್ಕನ್ನು ಯಾರೂ ಮುಟ್ಟಿರುವುದಿಲ್ಲ. ಕರೆಂಟ್ ತೆಗೆದರೆ ಏನೂ ನಡೆದೇ ಇಲ್ಲ ಎಂಬಂತಾಗುತ್ತದೆ. ಉಳಿದ ನೂರಾರು ಪ್ಯಾಕೇಜ್‌ಗಳನ್ನು ಇನ್‌ಸ್ಟಾಲರ್ ತಾನೇ ಡೆಬಿಯನ್‌ನ ಮಿರರ್ ಸರ್ವರ್‌ನಿಂದ ಇಂಟರ್‌ನೆಟ್ ಮೂಲಕ ತರಿಸಿಕೊಳ್ಳುತ್ತದೆ.

ಇದಕ್ಕೆಲ್ಲ ಬೇಕಾದದ್ದು ಒಂದು ಲ್ಯಾಪ್‌ಟಾಪ್ ಮತ್ತು ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಸಾಫ್ಟ್‌ವೇರ್. ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಮೊದಲ ದಿನ ಎರಡು ಕಂಪ್ಯೂಟರ್ ‘ಪಿಎಕ್ಸ್‌ಇ ಇ61, ಕೇಬಲ್ ನೋಡಿ’ ಎಂದವು. ನಾನು ಮುಕ್ಕಾಲು ಗಂಟೆ ಸೆಟ್ಟಿಂಗ್ ತಡಕಾಡಿದೆ. ಕೊನೆಗೆ ನೋಡಿದರೆ ಕೇಬಲ್ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದು ಸಡಿಲವಾಗಿತ್ತು. ಅದು ಕೇಬಲ್ ಎಂದೇ ಹೇಳಿತ್ತು, ನಾನು ನಂಬಿರಲಿಲ್ಲ. ‘ಇ53’ ಬಂದರೆ ವಿಷಯ ಬೇರೆ: ವಿಳಾಸ ಸಿಕ್ಕಿತು, ಆದರೆ ಬೂಟ್ ಫೈಲಿನ ಹೆಸರು ಸಿಗಲಿಲ್ಲ ಎಂದು ಅರ್ಥ. ಹಳೆಯ ಬಯಾಸ್ ಇರುವ ಯಂತ್ರಕ್ಕೂ ಹೊಸ ಯುಇಎಫ್‌ಐ ಇರುವ ಯಂತ್ರಕ್ಕೂ ಬೂಟ್ ಫೈಲ್ ಬೇರೆ ಬೇರೆ, ಅದನ್ನೂ ನೋಡಿಕೊಳ್ಳಬೇಕು.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಡಬಹುದು. ಡೆಬಿಯನ್‌ನಲ್ಲಿ ಇದಕ್ಕೆ ಪ್ರಿಸೀಡ್ ಎನ್ನುತ್ತಾರೆ. ಭಾಷೆ ಇದು, ಸಮಯ ಕೋಲ್ಕತ್ತಾದ್ದು, ಬಳಕೆದಾರರ ಹೆಸರು ಇದು, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಭಾಗ ಮಾಡು, ‘ಖಂಡಿತವಾ?’ ಎಂದರೆ ‘ಹೌದು’ ಎನ್ನು. ನಾನು ಎಲ್ಲಕ್ಕೂ ಉತ್ತರ ಬರೆದಿಟ್ಟೆ. ಬೂಟ್ ಮೆನುವಿನಲ್ಲಿ ಐದು ಸೆಕೆಂಡ್ ಯಾರೂ ಏನೂ ಒತ್ತದಿದ್ದರೆ ತಾನಾಗಿ ಇನ್‌ಸ್ಟಾಲ್ ಶುರುವಾಗಲಿ ಎಂದೂ ಹಾಕಿದೆ. ಮಾನಿಟರ್ ಇಲ್ಲದ ಕಂಪ್ಯೂಟರ್ ಅಲ್ಲವೇ, ಯಾರು ಒತ್ತುತ್ತಾರೆ! ಪವರ್ ಬಟನ್ ಒತ್ತಿ ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಡೆಬಿಯನ್ ರೆಡಿ. ಮೊದಲ ಮೂರು ಹಾಗೆಯೇ ಆದವು. ಆ ಹೊತ್ತು ನನಗಾದ ಖುಷಿ ಹೇಳತೀರದು.

ನಾಲ್ಕನೆಯದು ಓಡುತ್ತಿದ್ದಾಗ ಕರೆಂಟ್ ಒಂದು ಕ್ಷಣ ಹೋಗಿ ಬಂತು. ಹತ್ತು ನಿಮಿಷದ ಮೇಲೆ ಲೈಬ್ರರಿ ಸರ್ ಲ್ಯಾಬ್‌ಗೆ ಫೋನ್ ಮಾಡಿದರು.

‘ನಿಮ್ಮ ಲ್ಯಾಬ್‌ನವರು ಎಂತಾದ್ರೂ ಮಾಡಿದ್ರಾ? ಇಲ್ಲಿ ನೀಲಿ ಸ್ಕ್ರೀನ್ ಬಂದಿದೆ. ಕೆಂಪು ಪಟ್ಟಿ ಒಂದು ಮುಂದೆ ಮುಂದೆ ಹೋಗ್ತಾ ಉಂಟು.’

ನೀಲಿ ಸ್ಕ್ರೀನ್, ಕೆಂಪು ಪಟ್ಟಿ ಎಂದರೆ ಡೆಬಿಯನ್ ಇನ್‌ಸ್ಟಾಲರ್. ನನ್ನ ಕೈಕಾಲು ತಣ್ಣಗಾಯಿತು. ಓಡಿಹೋಗಿ ಕೇಬಲ್ ಎಳೆದೆ. ಅಷ್ಟರಲ್ಲಿ ಡಿಸ್ಕ್ ಅಳಿಸಿ, ಭಾಗ ಮಾಡಿ, ಅದರ ಮೇಲೆ ಹೊಸ ಸಿಸ್ಟಂ ಕೂರಿಸುವ ಕೆಲಸ ಅರ್ಧ ಮುಗಿದಿತ್ತು. ಲೈಬ್ರರಿಯ ಪುಸ್ತಕಗಳ ಪಟ್ಟಿ ಇದ್ದದ್ದು ಆ ಡಿಸ್ಕ್‌ನಲ್ಲೇ.

ನಡೆದದ್ದು ಇಷ್ಟು. ಕಾಲೇಜಿನ ಎಲ್ಲ ಕಂಪ್ಯೂಟರ್‌ಗಳೂ ಒಂದೇ ನೆಟ್‌ವರ್ಕ್‌ನಲ್ಲಿವೆ, ನಾನು ಲ್ಯಾಪ್‌ಟಾಪ್ ಸಿಕ್ಕಿಸಿದ್ದೂ ಅದಕ್ಕೇ. ಲೈಬ್ರರಿ ಕಂಪ್ಯೂಟರ್‌ನಲ್ಲಿ ಬೂಟ್ ಕ್ರಮದ ಮೊದಲ ಸ್ಥಾನ ನೆಟ್‌ವರ್ಕ್‌ಗೆ ಇತ್ತು, ಡಿಸ್ಕ್ ಎರಡನೆಯದು. ವರ್ಷಗಳಿಂದ ಅದು ಪ್ರತಿದಿನ ಬೆಳಿಗ್ಗೆ ‘ಯಾರಾದರೂ ಇದ್ದೀರಾ?’ ಎಂದು ಕೂಗುತ್ತಿತ್ತು. ಬೂಟ್ ಫೈಲ್ ಕೊಡುವವರು ಯಾರೂ ಇಲ್ಲದ್ದರಿಂದ ಸ್ವಲ್ಪ ಕಾದು ಡಿಸ್ಕ್‌ನಿಂದ ಶುರುವಾಗುತ್ತಿತ್ತು. ‘ಇದು ಸ್ವಲ್ಪ ನಿಧಾನ’ ಎಂದು ಲೈಬ್ರರಿ ಸರ್ ಹೇಳುತ್ತಿದ್ದರಂತೆ, ಅಷ್ಟೇ. ಆ ದಿನ ಯುಪಿಎಸ್ ಕೈಕೊಟ್ಟು ಅದು ರೀಸ್ಟಾರ್ಟ್ ಆಯಿತು, ಎಂದಿನಂತೆ ಕೂಗಿತು. ಮೊದಲ ಬಾರಿ ಯಾರೋ ಓಗೊಟ್ಟರು, ಅದು ನನ್ನ ಲ್ಯಾಪ್‌ಟಾಪ್. ಐದು ಸೆಕೆಂಡ್ ಆಯಿತು, ‘ಖಂಡಿತವಾ?’ ಎಂಬ ಪ್ರಶ್ನೆಗೆ ನಾನು ಮೊದಲೇ ‘ಹೌದು’ ಎಂದು ಬರೆದಿಟ್ಟಿದ್ದೆ. ಪುಸ್ತಕದ ಹುಳು ಪುಸ್ತಕಗಳ ಪಟ್ಟಿಯನ್ನು ತಿಂದಿತು. ಈ ಆವೃತ್ತಿಯ ಹೆಸರನ್ನು ಲೈಬ್ರರಿ ಸರ್‌ಗೆ ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಈಗ ಇಲ್ಲಿ ಓದುತ್ತಾರೆ.

ಬ್ಯಾಕಪ್ ಇತ್ತು, ಆದರೆ ಒಂದೂವರೆ ತಿಂಗಳು ಹಳೆಯದು. ನಡುವೆ ಬಂದಿದ್ದ 186 ಪುಸ್ತಕಗಳು ಅದರಲ್ಲಿರಲಿಲ್ಲ. ಪುಣ್ಯಕ್ಕೆ ಲೈಬ್ರರಿ ಸರ್ ಕಂಪ್ಯೂಟರನ್ನು ಪೂರ್ತಿ ನಂಬುವವರಲ್ಲ, ಪ್ರತಿ ಪುಸ್ತಕವನ್ನೂ ದಪ್ಪ ರಿಜಿಸ್ಟರ್‌ನಲ್ಲಿ ಕೈಯಲ್ಲೇ ಬರೆದಿಡುತ್ತಾರೆ. ನಾನೂ ನನ್ನ ಗೆಳತಿಯೂ ನಾಲ್ಕು ಸಂಜೆ ಕೂತು ಆ ರಿಜಿಸ್ಟರ್ ನೋಡಿ ಎಲ್ಲವನ್ನೂ ಟೈಪ್ ಮಾಡಿದೆವು. ಪ್ರಿನ್ಸಿಪಾಲರಿಗೆ ಕೊಡಬೇಕಾದ ಪತ್ರವನ್ನು ನಾನು ‘ನನ್ನ ತಪ್ಪಿನಿಂದ’ ಎಂದು ಬರೆದಿದ್ದೆ. ಲ್ಯಾಬ್ ಮೇಡಂ ಅದನ್ನು ಓದಿ, ಅದರ ಕೆಳಗೆ ‘ನನ್ನ ಅನುಮತಿಯಿಂದ, ನಾನು ಪರಿಶೀಲಿಸದೆ’ ಎಂದು ಸೇರಿಸಿ ತಾವೂ ಸಹಿ ಹಾಕಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು.

ಉಳಿದವನ್ನು ಮುಗಿಸುವ ಮೊದಲು ನಾವು ಎಲ್ಲವನ್ನೂ ಬದಲಿಸಿದೆವು. ಕಾಲೇಜಿನ ನೆಟ್‌ವರ್ಕ್‌ಗೆ ಸೇರದ ಬೇರೆಯೇ ಒಂದು ಸ್ವಿಚ್ ಇಟ್ಟೆವು. ಇನ್‌ಸ್ಟಾಲ್ ಆಗಬೇಕಾದ ಕಂಪ್ಯೂಟರ್‌ಗಳು ಅದಕ್ಕೆ, ಲ್ಯಾಪ್‌ಟಾಪ್ ಒಂದು ಕಡೆ ಅದಕ್ಕೆ, ಇನ್ನೊಂದು ಕಡೆ ವೈಫೈ ಮೂಲಕ ಇಂಟರ್‌ನೆಟ್‌ಗೆ. ಲ್ಯಾಪ್‌ಟಾಪ್ ನಡುವೆ ಬಾಗಿಲಿನಂತೆ ಕೂತಿತು. ಈಗ ಅದರ ಮಾತು ಆ ಸ್ವಿಚ್ ದಾಟಿ ಹೋಗುವುದಿಲ್ಲ. ಬೇರೆ ಸ್ವಿಚ್ ಇಲ್ಲದ ಕಡೆ ಡಿಎನ್‌ಎಸ್‌ಮಾಸ್ಕ್ ಅನ್ನು ಪ್ರಾಕ್ಸಿಯಾಗಿ ಓಡಿಸಬಹುದು. ವಿಳಾಸ ಕೊಡುವ ಕೆಲಸ ರೂಟರ್‌ಗೇ ಇರುತ್ತದೆ, ಇದು ಬೂಟ್ ಫೈಲಿನ ಹೆಸರು ಮಾತ್ರ ಹೇಳುತ್ತದೆ. ನಾನು ಮೊದಲು ಎರಡನೇ ಡಿಎಚ್‌ಸಿಪಿಯನ್ನೇ ಓಡಿಸಿದ್ದೆ. ಅದರಿಂದ ಆಫೀಸಿನ ಒಂದೆರಡು ಕಂಪ್ಯೂಟರ್‌ಗೆ ನನ್ನ ಕಡೆಯ ವಿಳಾಸ ಹೋಗಿ ಅಲ್ಲಿ ಬೆಳಿಗ್ಗೆಯಿಂದ ನೆಟ್ ಇರಲಿಲ್ಲ ಎಂಬುದು ಮರುದಿನ ಗೊತ್ತಾಯಿತು. ಅದಕ್ಕೂ ಹೋಗಿ ಕ್ಷಮೆ ಕೇಳಿದ್ದಾಯಿತು.

ಎರಡನೆಯದು, ಮೆನುವಿನಲ್ಲಿ ಯಾರೂ ಏನೂ ಒತ್ತದಿದ್ದರೆ ‘ಡಿಸ್ಕ್‌ನಿಂದಲೇ ಶುರುವಾಗು’ ಎಂದು ಹಾಕಿದೆವು. ಮಾನಿಟರ್ ಇಲ್ಲದ ಕಂಪ್ಯೂಟರ್‌ಗೆ ಮ್ಯಾಕ್ ವಿಳಾಸ ಬಳಸಬಹುದು. ಪ್ರತಿ ನೆಟ್‌ವರ್ಕ್ ಕಾರ್ಡ್‌ಗೂ ತಯಾರಕರು ಕೊಡುವ ಹನ್ನೆರಡು ಅಂಕಿ-ಅಕ್ಷರಗಳ ಗುರುತು ಅದು. ಬೂಟ್ ಪ್ರೋಗ್ರಾಂ ಮೊದಲು ತನ್ನ ಮ್ಯಾಕ್ ವಿಳಾಸದ ಹೆಸರಿನ ಫೈಲ್ ಇದೆಯೇ ಎಂದು ಹುಡುಕುತ್ತದೆ, ಅದಿಲ್ಲದಿದ್ದರೆ ಮಾತ್ರ ಎಲ್ಲರಿಗೂ ಇರುವ ಫೈಲನ್ನು ಓದುತ್ತದೆ. ಆ ಆರು ವಿಳಾಸಗಳ ಹೆಸರಿನಲ್ಲಿ ಮಾತ್ರ ‘ಇನ್‌ಸ್ಟಾಲ್’ ಎಂದು ಇಟ್ಟರೆ ಏಳನೆಯ ಕಂಪ್ಯೂಟರ್ ಎಷ್ಟು ಕೂಗಿದರೂ ಅದಕ್ಕೆ ಏನೂ ಆಗುವುದಿಲ್ಲ. ಕೆಲಸ ಮುಗಿದ ಕೂಡಲೇ ಆ ಫೈಲನ್ನು ತೆಗೆಯಬೇಕು, ಇಲ್ಲದಿದ್ದರೆ ರೀಸ್ಟಾರ್ಟ್ ಆದ ಯಂತ್ರ ಮತ್ತೆ ಇನ್‌ಸ್ಟಾಲ್ ಆಗುತ್ತಾ ಕೂರುತ್ತದೆ.

ಡಿಸ್ಕ್ ಅಳಿಸುವ ಮುನ್ನಿನ ‘ಖಂಡಿತವಾ?’ ಎಂಬ ಪ್ರಶ್ನೆಗೆ ಬರೆದಿಟ್ಟಿದ್ದ ಉತ್ತರವನ್ನೂ ತೆಗೆದೆ. ಅದೊಂದಕ್ಕೆ ಮನುಷ್ಯರೇ ಬಂದು ಉತ್ತರ ಕೊಡಲಿ. ದೊಡ್ಡ ಸಂಸ್ಥೆಗಳಲ್ಲಿ ಇದು ಆಗದ ಮಾತು, ಆದರೆ ಆರು ಕಂಪ್ಯೂಟರ್‌ಗೆ ಮಾನಿಟರ್ ಎತ್ತಿಕೊಂಡು ಹೋಗುವುದು ಕಷ್ಟವಲ್ಲ. ಪಾಸ್‌ವರ್ಡನ್ನೂ ಪ್ರಿಸೀಡ್ ಫೈಲಿನಲ್ಲಿ ಹಾಗೇ ಬರೆಯಬಾರದು. ಟಿಎಫ್‌ಟಿಪಿಗೆ ಗುಟ್ಟು ಎಂಬುದಿಲ್ಲ, ಅದೇ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಫೈಲ್ ಕೇಳಿ ಓದಬಹುದು. ಪಾಸ್‌ವರ್ಡ್‌ನ ಹ್ಯಾಶ್ ಮಾತ್ರ ಬರೆಯಬೇಕು.

ಹಾಗಾದರೆ ಇಂಟರ್‌ನೆಟ್‌ನಿಂದ ಬರುವ ಪ್ಯಾಕೇಜ್‌ಗಳನ್ನು ನಡುವೆ ಯಾರಾದರೂ ಬದಲಿಸಿದರೆ? ಇದನ್ನು ನನ್ನ ಗೆಳತಿ ಕೇಳಿದಳು, ಒಳ್ಳೆಯ ಪ್ರಶ್ನೆ. ಡೆಬಿಯನ್‌ನವರು ಪ್ಯಾಕೇಜ್‌ಗಳ ಪಟ್ಟಿಗೆ ಡಿಜಿಟಲ್ ಸಹಿ ಹಾಕುತ್ತಾರೆ. ಪ್ರತಿ ಪ್ಯಾಕೇಜ್‌ನ ಹ್ಯಾಶ್ ಆ ಪಟ್ಟಿಯ ಮೂಲಕವೇ ಗೊತ್ತಾಗುತ್ತದೆ. ಆಪ್ಟ್ ಎಂಬ ಪ್ರೋಗ್ರಾಂ ಸಹಿಯನ್ನೂ ಹ್ಯಾಶನ್ನೂ ತಾಳೆ ನೋಡುತ್ತದೆ, ಒಂದು ಬೈಟ್ ವ್ಯತ್ಯಾಸವಾದರೂ ಸ್ವೀಕರಿಸುವುದಿಲ್ಲ. ಆರು ಸಲ ಅದನ್ನೇ ಇಳಿಸಿಕೊಂಡರೆ ಕಾಲೇಜಿನ ಡೇಟಾ ಖಾಲಿಯಾಗುತ್ತದೆಂದು ಲ್ಯಾಪ್‌ಟಾಪ್‌ನಲ್ಲಿ ಆಪ್ಟ್-ಕ್ಯಾಶರ್ ಹಾಕಿದೆವು. ಮೊದಲ ಸಲ ಬಂದ ಪ್ಯಾಕೇಜನ್ನು ಅದು ಇಟ್ಟುಕೊಂಡು ಉಳಿದವರಿಗೆ ಹಂಚುತ್ತದೆ.

ಇನ್ನು ಅಪ್‌ಗ್ರೇಡ್ ವಿಷಯ. ಡಿಸೆಂಬರ್‌ನಲ್ಲಿ ಲ್ಯಾಬ್ ಸರ್ವರನ್ನು 11ರಿಂದ 12ಕ್ಕೆ ಏರಿಸಬೇಕಾಯಿತು. ಡೆಬಿಯನ್‌ನ ಪ್ರತಿ ಆವೃತ್ತಿಗೆ ಸುಮಾರು ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ಭದ್ರತೆಯ ಬೆಂಬಲ ಇರುತ್ತದೆ. ಕೊನೆಯ ದಿನದವರೆಗೆ ಕಾಯುವುದು ಬೇಡ ಎಂದರು ಮೇಡಂ. ಖಾಲಿ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವುದಕ್ಕಿಂತ ಇದು ಭಯದ ಕೆಲಸ. ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಿದ ಹಾಗೆ. ಇಬ್ಬರು ಬ್ಯಾಚ್‌ನವರ ಪ್ರಾಜೆಕ್ಟ್, ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ಪ್ರೋಗ್ರಾಂ ಎಲ್ಲ ಅದರಲ್ಲೇ ಇದ್ದವು. ಯಂತ್ರ ಬೀಗದ ಕೋಣೆಯಲ್ಲಿ, ನಾವು ಲ್ಯಾಬ್‌ನಲ್ಲಿ. ನಡುವೆ ಇದ್ದದ್ದು ಎಸ್‌ಎಸ್‌ಎಚ್ ಎಂಬ ದಾರ. ದೂರದ ಕಂಪ್ಯೂಟರ್‌ಗೆ ಗುಪ್ತಲಿಪಿಯಲ್ಲಿ ಆದೇಶ ಕಳಿಸುವ ಈ ವಿಧಾನವನ್ನು 1995ರಲ್ಲಿ ಫಿನ್ಲೆಂಡಿನ ತಾತು ಉಲೋನೆನ್ ರೂಪಿಸಿದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿದ್ದೇ ಅದಕ್ಕೆ ಕಾರಣ.

ಈ ಸಲ ನಾನು ಮೊದಲು ತಾಲೀಮು ಮಾಡಿದೆ. ಆರು ಕಂಪ್ಯೂಟರ್‌ಗಳಲ್ಲಿ ಒಂದಕ್ಕೆ ನೆಟ್‌ವರ್ಕ್ ಮೂಲಕವೇ ಡೆಬಿಯನ್ 11 ಹಾಕಿ, ಲ್ಯಾಬ್ ಸರ್ವರ್‌ನ ಬ್ಯಾಕಪ್ಪನ್ನು ಅದರಲ್ಲಿ ತೆರೆದು, ಅದನ್ನೇ ಏರಿಸಿ ನೋಡಿದೆವು. ಹೊಸ ಇನ್‌ಸ್ಟಾಲ್ ಇಪ್ಪತ್ತು ನಿಮಿಷದ ಕೆಲಸವಾದ್ದರಿಂದ ಹಾಳು ಮಾಡಿ ಕಲಿಯಲು ಹೆದರಿಕೆ ಇರಲಿಲ್ಲ. ಬೇಕೆಂದೇ ಅಪ್‌ಗ್ರೇಡ್ ನಡುವೆ ಟರ್ಮಿನಲ್ ಮುಚ್ಚಿದೆವು. ಹಿಂದಿರುಗಿ ನೋಡಿದರೆ ಅರ್ಧ ಪ್ಯಾಕೇಜ್ ಹಳೆಯದು, ಅರ್ಧ ಹೊಸದು. ‘ಡಿಪಿಕೆಜಿ ಕೆಲಸ ಅರ್ಧಕ್ಕೆ ನಿಂತಿದೆ’ ಎಂಬ ದೂರು. ‘ಡಿಪಿಕೆಜಿ ಕಾನ್ಫಿಗರ್ ಎ’ ಎಂಬ ಆದೇಶ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯಿತು. ಆದರೆ ಅಸಲಿ ಸರ್ವರ್‌ನಲ್ಲಿ ಈ ಸ್ಥಿತಿ ಬರುವುದೇ ಬೇಡ ಎಂದು ಟಿಮಕ್ಸ್ ಬಳಸಲು ತೀರ್ಮಾನಿಸಿದೆವು. ಟಿಮಕ್ಸ್‌ನೊಳಗೆ ಶುರು ಮಾಡಿದ ಕೆಲಸ ಸರ್ವರ್‌ನಲ್ಲೇ ಓಡುತ್ತಿರುತ್ತದೆ. ನಮ್ಮ ಸಂಪರ್ಕ ಕಡಿದರೂ ಅದು ನಿಲ್ಲುವುದಿಲ್ಲ, ಆಮೇಲೆ ಬಂದು ಮತ್ತೆ ಸೇರಿಕೊಳ್ಳಬಹುದು. ಡೆಬಿಯನ್‌ನವರ ಸೂಚನೆ ಪುಸ್ತಕದಲ್ಲೂ ದೂರದಿಂದ ಅಪ್‌ಗ್ರೇಡ್ ಮಾಡುವವರಿಗೆ ಇಂಥದ್ದನ್ನು ಬಳಸಿ ಎಂದು ಹೇಳಿದೆ.

ಶುಕ್ರವಾರ ಜುಮಾ ಬಿಡುವಿನಲ್ಲಿ ಲ್ಯಾಬ್ ಖಾಲಿ ಇರುತ್ತದೆ, ಸರ್ವರನ್ನು ಯಾರೂ ಬಳಸುವುದಿಲ್ಲ. ಹನ್ನೆರಡೂವರೆಗೆ ಮೇಡಂ, ನಾನು, ಗೆಳತಿ ಕೂತೆವು. ಮೊದಲು 11ರ ಒಳಗಿನ ಎಲ್ಲ ಅಪ್‌ಡೇಟ್ ಮುಗಿಸಿದೆವು. ಡಿಸ್ಕ್‌ನಲ್ಲಿ ಜಾಗ ನೋಡಿದೆವು. ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಹೇಳುವ ಫೈಲಿನಲ್ಲಿ ಬುಲ್ಸ್‌ಐ ಎಂದಿದ್ದಲ್ಲೆಲ್ಲ ಬುಕ್‌ವರ್ಮ್ ಎಂದು ಬರೆದೆವು. ನೆಟ್‌ವರ್ಕ್ ಕಾರ್ಡ್‌ಗೆ ಬೇಕಾಗುವ ಫರ್ಮ್‌ವೇರ್‌ಗೆ 12ರಲ್ಲಿ ಬೇರೆಯೇ ವಿಭಾಗ ಮಾಡಿದ್ದಾರೆ, ಅದರ ಹೆಸರನ್ನೂ ಸೇರಿಸಿದೆವು. ಅಪ್‌ಗ್ರೇಡನ್ನು ಎರಡು ಹೆಜ್ಜೆಯಲ್ಲಿ ಮಾಡಬೇಕು. ಮೊದಲು ಹೊಸ ಪ್ಯಾಕೇಜ್ ಸೇರಿಸದೆ, ಇದ್ದವನ್ನು ತೆಗೆಯದೆ ಏರಿಸಬಹುದಾದಷ್ಟನ್ನು ಮಾತ್ರ ಏರಿಸುವುದು. ಆಮೇಲೆ ‘ಫುಲ್-ಅಪ್‌ಗ್ರೇಡ್’. ನೇರವಾಗಿ ಎರಡನೆಯದಕ್ಕೆ ಹೋದರೆ ಬೇಕಾದದ್ದನ್ನೂ ತೆಗೆದುಹಾಕುವ ಸಂಭವ ಇರುತ್ತದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ನಮ್ಮ ಕರಾವಳಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದೆ ಯಾವ ಕೆಲಸಕ್ಕೂ ಕೈ ಹಾಕಬಾರದು. ಸರ್ವರ್‌ಗೆ ಹೊಸ ಬ್ಯಾಟರಿ ಹಾಕಿಸಿದ ಯುಪಿಎಸ್ ಇತ್ತು, ಆದರೆ ಲ್ಯಾಬ್‌ನ ಸ್ವಿಚ್‌ಗೆ ಇರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳು ನಿಂತಲ್ಲೇ ನಿಂತವು. ಕೋಣೆಯ ಬೀಗದ ಕೈ ಇದ್ದ ಆಫೀಸಿನ ಅಣ್ಣ ನಮಾಜಿಗೆ ಹೋಗಿದ್ದರು. ಹನ್ನೆರಡು ನಿಮಿಷ ನಾವು ಮೂವರೂ ಆ ನಿಂತ ಸ್ಕ್ರೀನನ್ನೇ ನೋಡುತ್ತಾ ಕೂತೆವು. ಮೇಡಂ ಮಾತ್ರ ‘ಪ್ಯಾಕೇಜ್ ಎಲ್ಲ ಮೊದಲೇ ಇಳಿದಾಗಿದೆ, ಈಗ ಅದಕ್ಕೆ ನೆಟ್ ಬೇಡ, ಅದರಷ್ಟಕ್ಕೆ ಮಾಡ್ತದೆ’ ಎನ್ನುತ್ತಿದ್ದರು.

ಕರೆಂಟ್ ಬಂತು. ಹೊಸದಾಗಿ ಎಸ್‌ಎಸ್‌ಎಚ್ ಮಾಡಿ ಟಿಮಕ್ಸ್ ತೆರೆದೆ. ಸರ್ವರ್ ಬಹಳ ದೂರ ಹೋಗಿ ಒಂದು ಪ್ರಶ್ನೆ ಕೇಳಿ ನಮ್ಮನ್ನು ಕಾಯುತ್ತಾ ನಿಂತಿತ್ತು: ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲನ್ನು ನೀವು ಬದಲಿಸಿದ್ದೀರಿ, ನಿಮ್ಮದನ್ನು ಉಳಿಸಲೇ, ಹೊಸದನ್ನು ಹಾಕಲೇ? ಹೊಸದು ಒಳ್ಳೆಯದಿರಬೇಕು ಎಂದು ‘ವೈ’ ಒತ್ತಿದರೆ ನಾವು ಮಾಡಿಕೊಂಡಿದ್ದ ಸೆಟ್ಟಿಂಗ್ ಹೋಗುತ್ತದೆ. ಆ ದಾರಿಯಿಂದಲೇ ನಾವು ಒಳಗೆ ಬಂದಿರುವುದು. ‘ಎನ್’ ಒತ್ತಿದೆ. ಹೊಸ ಫೈಲ್ ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಉಳಿಯುತ್ತದೆ, ಆಮೇಲೆ ನಿಧಾನವಾಗಿ ಹೋಲಿಸಿ ನೋಡಬಹುದು.

ಕೊನೆಗೆ ರೀಸ್ಟಾರ್ಟ್. ದೊಡ್ಡ ಸರ್ವರ್‌ಗಳಲ್ಲಿ ಮುಖ್ಯ ಯಂತ್ರ ಮಲಗಿದ್ದರೂ ಅದರ ಸ್ಕ್ರೀನನ್ನು ದೂರದಿಂದ ತೋರಿಸಲು ಬೇರೆಯೇ ಒಂದು ಪುಟ್ಟ ಕಂಪ್ಯೂಟರ್ ಒಳಗಿರುತ್ತದೆ. ನಮ್ಮದರಲ್ಲಿ ಅದಿಲ್ಲ. ಪಿಂಗ್ ಹಾಕಿ ಕಾದೆವು. ಉತ್ತರವಿಲ್ಲ, ಉತ್ತರವಿಲ್ಲ. ನಾಲ್ಕು ನಿಮಿಷಕ್ಕೆ ಓಗೊಟ್ಟಿತು. ಕರ್ನೆಲ್ 5.10 ಹೋಗಿ 6.1 ಬಂದಿತ್ತು, ಪೈಥಾನ್ 3.9 ಇದ್ದದ್ದು 3.11 ಆಗಿತ್ತು.

ಸೋಮವಾರ ನಿಮ್ಮಲ್ಲಿ ಕೆಲವರು ಬಂದು ‘ಪಿಪ್ ಕೆಲಸ ಮಾಡ್ತಿಲ್ಲ, ನೀನು ಸರ್ವರ್ ಹಾಳು ಮಾಡಿದೆ’ ಎಂದಿರಿ. ಅದು ಹಾಳಾದದ್ದಲ್ಲ. ಸಿಸ್ಟಂಗೆ ಸೇರಿದ ಪೈಥಾನ್ ಜಾಗದಲ್ಲಿ ಪಿಪ್ ನೇರವಾಗಿ ಕೈ ಹಾಕುವುದನ್ನು 12ರಿಂದ ತಡೆದಿದ್ದಾರೆ. ಆಪ್ಟ್ ಒಂದು ಕಡೆಯಿಂದ, ಪಿಪ್ ಇನ್ನೊಂದು ಕಡೆಯಿಂದ ಅದೇ ಫೈಲ್‌ಗಳನ್ನು ಬದಲಿಸಿ ಜಗಳವಾಗಬಾರದು ಎಂದು. ನಿಮ್ಮ ಫೋಲ್ಡರ್‌ನಲ್ಲಿ ಒಂದು ವೆನ್ವ್ ಮಾಡಿಕೊಂಡು ಅದರೊಳಗೆ ಪಿಪ್ ಬಳಸಿ. ಹೇಗೆಂದು ಲ್ಯಾಬ್‌ನ ನೋಟಿಸ್ ಬೋರ್ಡ್‌ನಲ್ಲಿ ಬರೆದು ಹಾಕಿದ್ದೇನೆ.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13, ಅಂದರೆ ಟ್ರಿಕ್ಸಿ ಬಂದಿದೆ. ಮುಂದಿನ ರಜೆಯಲ್ಲಿ ಲ್ಯಾಬ್ ಸರ್ವರನ್ನು ಅದಕ್ಕೆ ಏರಿಸುವುದಿದೆ. 11ರಿಂದ ನೇರ 13ಕ್ಕೆ ಹಾರುವಂತಿಲ್ಲ, ಒಂದೊಂದೇ ಮೆಟ್ಟಿಲು. ಈ ಸಲ ಒಂದು ಹೊಸ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: 12ರಲ್ಲಿರುವ ಎಸ್‌ಎಸ್‌ಎಚ್ ಅನ್ನು ಮೊದಲು ಅದರ ಕೊನೆಯ ಅಪ್‌ಡೇಟ್‌ಗೆ ತನ್ನಿ, ಇಲ್ಲದಿದ್ದರೆ ಅಪ್‌ಗ್ರೇಡ್ ನಡುವೆ ಸಂಪರ್ಕ ಕಡಿದರೆ ಹೊಸದಾಗಿ ಒಳಗೆ ಹೋಗಲು ಆಗುವುದಿಲ್ಲ. ನಮಗೆ ಡಿಸೆಂಬರ್‌ನಲ್ಲಿ ಆದದ್ದೇ ಮತ್ತೆ ಆದರೆ ಟಿಮಕ್ಸ್ ಇದ್ದೂ ಹೊರಗೇ ನಿಲ್ಲಬೇಕಾಗುತ್ತದೆ. ತಾಲೀಮಿಗೆ ಇಬ್ಬರು ಮೂವರು ಬೇಕು, ಮೊದಲ ಪಿಯುಸಿಯವರೂ ಬರಬಹುದು, ಲ್ಯಾಬ್ ಮೇಡಂ ಹತ್ತಿರ ಹೆಸರು ಕೊಡಿ. ಲೈಬ್ರರಿ ಕಂಪ್ಯೂಟರ್‌ನ ಬೂಟ್ ಕ್ರಮವನ್ನು ಬದಲಿಸಿ ಆಗಿದೆ. ಲೈಬ್ರರಿ ಸರ್ ಆದರೂ ಆ ದಿನ ಅದರ ನೆಟ್‌ವರ್ಕ್ ಕೇಬಲ್ ತೆಗೆದೇ ಇಡುತ್ತೇನೆ ಎಂದಿದ್ದಾರೆ. ಸರ್ವರ್ ಕೋಣೆಯ ಬೀಗದ ಕೈ ಈ ಬಾರಿ ಮೇಡಂ ಬ್ಯಾಗ್‌ನಲ್ಲಿರುತ್ತದೆ.